ಲಸಿಕೆಯಲ್ಲಿ ಏನು ಬೆರೆಸಿದ್ದಾರೆ?

2021ರ ಬೇಸಿಗೆಯಲ್ಲಿ ನಮ್ಮೂರಿನ ಮೊಹಲ್ಲಾಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತಿತ್ತು. ಬೀಡಿ ಸುತ್ತುವ ಹೆಂಗಸರು, ಗ್ಯಾರೇಜಿನ ಹುಡುಗರು, ನಿವೃತ್ತ ಉರ್ದು ಮೇಷ್ಟರು, ಯಾರನ್ನು ಮಾತಾಡಿಸಿದರೂ ಕೊನೆಗೆ ಅಲ್ಲಿಗೇ ಬರುತ್ತಿದ್ದರು. "ಕ್ಯಾ ಮಿಲಾಯೆ ಕಿ?" ಸೂಜಿಮದ್ದಿನಲ್ಲಿ ಏನು ಬೆರೆಸಿದ್ದಾರೋ ಏನೋ. ಇದಕ್ಕೆ ಸಿಗುತ್ತಿದ್ದ ಉತ್ತರಗಳು ಎರಡೇ. ಲಸಿಕೆ ಶಿಬಿರದ ಸಿಬ್ಬಂದಿ "ಸರ್ಕಾರ ಕೊಡ್ತಾ ಇರೋದು, ಸುಮ್ಮನೆ ಹಾಕಿಸ್ಕೊಳ್ಳಿ" ಎನ್ನುತ್ತಿದ್ದರು. ನಮ್ಮಲ್ಲೇ ನಾಲ್ಕಕ್ಷರ ಕಲಿತ ಹುಡುಗರು "ಈ ಜಾಹಿಲರಿಗೆ ಹೇಳಿ ಪ್ರಯೋಜನ ಇಲ್ಲ" ಎಂದು ಕೈ ಕೊಡವುತ್ತಿದ್ದರು. ನನಗೆ ಮಾತ್ರ ಅದು ಜಾಹಿಲರ ಪ್ರಶ್ನೆ ಅನ್ನಿಸಲಿಲ್ಲ. ಲಸಿಕೆಯ ಬಗ್ಗೆ ಕೇಳಬಹುದಾದ ಅತ್ಯಂತ ಒಳ್ಳೆಯ ಪ್ರಶ್ನೆಯೇ ಅದು. ವಿಜ್ಞಾನಿಗಳು ನೂರು ವರ್ಷಗಳಿಂದ ತಮಗೆ ತಾವೇ ಕೇಳಿಕೊಳ್ಳುತ್ತಿರುವುದೂ ಅದನ್ನೇ: ಲಸಿಕೆಯಲ್ಲಿ ಏನು ಬೆರೆಸಬೇಕು?

ಅನುಮಾನಕ್ಕೆ ಕಾರಣ ಇರಲಿಲ್ಲವೆಂದು ಹೇಳುವವರು 2020ರ ಏಪ್ರಿಲ್ ತಿಂಗಳನ್ನು ಮರೆತವರು. ದೆಹಲಿಯ ನಿಜಾಮುದ್ದೀನ್ ಮರ್ಕಜಿನ ಸುದ್ದಿ ಬಂದ ಮೇಲೆ ತಳ್ಳುಗಾಡಿಯಲ್ಲಿ ತರಕಾರಿ ಮಾರುವ ಸಾಬಿಯ ಹೆಸರು ಕೇಳಿ ವ್ಯಾಪಾರ ಮಾಡುವ ಕಾಲ ಬಂತು. ಅದೇ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಬ್ಲೀಗಿನ ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ರದ್ದುಮಾಡಿತು. ಆ ಸುದ್ದಿ ಟಿವಿಯಲ್ಲಿ ಹಿಂದಿನ ಸುದ್ದಿಯಷ್ಟು ಗಂಟಲು ಹರಿದುಕೊಳ್ಳಲಿಲ್ಲ. ನಿನ್ನೆ ನಮ್ಮನ್ನೇ ರೋಗ ಎಂದವರು ಇವತ್ತು ಮದ್ದು ತಂದರೆ ಅದರಲ್ಲಿ ಏನಿದೆ ಎಂದು ಜನ ಕೇಳದೆ ಇರುತ್ತಾರೆಯೇ?

ಹಾಗೆಂದು ಅನುಮಾನ ನಮ್ಮ ಓಣಿಯಲ್ಲಿ ಮಾತ್ರ ಇತ್ತೆಂದಲ್ಲ. ಸೂಜಿಯಲ್ಲಿ ಹಂದಿಯಿದೆ ಎಂದು ನಮ್ಮವರು ಪಿಸುಗುಡುತ್ತಿದ್ದಾಗ, ಕೊವ್ಯಾಕ್ಸಿನ್‌ನಲ್ಲಿ ಕರುವಿನ ರಕ್ತವಿದೆ ಎಂದು ಇನ್ನೊಂದು ಓಣಿ ಪಿಸುಗುಡುತ್ತಿತ್ತು. ವೈರಸ್ಸನ್ನು ಬೆಳೆಸುವ ಜೀವಕೋಶಗಳಿಗೆ ಮೊದಲ ಹಂತದಲ್ಲಿ ಕರುವಿನ ಸೀರಂ ಬಳಸುತ್ತಾರೆ, ಆಮೇಲೆ ಅದನ್ನು ತೊಳೆದು ತೆಗೆಯುತ್ತಾರೆ, ಸಿದ್ಧ ಲಸಿಕೆಯಲ್ಲಿ ಅದು ಇರುವುದಿಲ್ಲ ಎಂದು 2021ರ ಜೂನ್ 16ರಂದು ಕೇಂದ್ರ ಆರೋಗ್ಯ ಇಲಾಖೆಯೇ ಸ್ಪಷ್ಟನೆ ಕೊಡಬೇಕಾಯಿತು. 1857ರ ತೋಟಾಗಳ ಕತೆ ನೆನಪಾಯಿತು ನನಗೆ. ಅಲ್ಲೂ ಒಬ್ಬರಿಗೆ ದನದ ಕೊಬ್ಬು, ಇನ್ನೊಬ್ಬರಿಗೆ ಹಂದಿಯ ಕೊಬ್ಬು. ಈ ದೇಶದಲ್ಲಿ ಸಂಶಯದಲ್ಲಾದರೂ ನಾವು ಸಹೋದರರು.

ಆ ದಿನಗಳಲ್ಲಿ ನಮ್ಮ ಬಡಾವಣೆಯ ಡಾಕ್ಟರೊಬ್ಬರು ನನ್ನನ್ನು ಕರೆದು, ಲಸಿಕೆಯ ಬಗ್ಗೆ ಉರ್ದು ಮತ್ತು ಕನ್ನಡ ಎರಡರಲ್ಲೂ ಒಂದು ಕರಪತ್ರ ಬರೆದುಕೊಡಲು ಕೇಳಿದರು. ಜುಮ್ಮಾ ನಮಾಜಿನ ನಂತರ ಹಂಚಬಹುದು ಎಂಬುದು ಅವರ ಯೋಚನೆ. ಕತೆ ಬರೆಯುವವನಿಗೆ ಲಸಿಕೆಯೇನು ಗೊತ್ತು ಎಂದೆ. "ನನಗೆ ಲಸಿಕೆ ಗೊತ್ತು, ಮಾತು ಗೊತ್ತಿಲ್ಲ" ಎಂದು ಕೊವ್ಯಾಕ್ಸಿನ್ ಜೊತೆಗೆ ಬರುವ ಮಾಹಿತಿ ಚೀಟಿಯನ್ನು ಕೈಗಿಟ್ಟರು. ಅದರಲ್ಲಿ ಎಲ್ಲವನ್ನೂ ಅಚ್ಚು ಹಾಕಿದ್ದರು! ಅರ್ಧ ಎಂಎಲ್ ಮದ್ದಿನಲ್ಲಿ ಸತ್ತ ಕೊರೊನಾ ವೈರಸ್ 6 ಮೈಕ್ರೊಗ್ರಾಂ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಜೆಲ್ 250 ಮೈಕ್ರೊಗ್ರಾಂ. ಇಮಿಡಜೋಕ್ವಿನೊಲಿನೋನ್ ಎಂಬ ಬಾಯಿ ಹೊರಳದ ಹೆಸರಿನದು 15 ಮೈಕ್ರೊಗ್ರಾಂ. ಕೆಡದಂತೆ ಕಾಪಾಡುವ ಫಿನಾಕ್ಸಿಎಥನಾಲ್, ಮತ್ತೆ ಉಪ್ಪುನೀರು. ವೈರಸ್ ಆರೇ ಆರು ಮೈಕ್ರೊಗ್ರಾಂ, ಬೆರೆಸಿದ್ದು ಅದರ ನಲವತ್ತು ಪಟ್ಟಿಗಿಂತ ಹೆಚ್ಚು. ಕ್ಯಾ ಮಿಲಾಯೆ ಕಿ ಎಂದು ಕೇಳುತ್ತಿದ್ದವರ ಮೂಗು ಸರಿಯಾದ ಕಡೆಗೇ ತಿರುಗಿತ್ತು.

ಹೀಗೆ ಬೆರೆಸುವ ವಸ್ತುವಿಗೆ ಇಂಗ್ಲಿಷಿನಲ್ಲಿ ಅಡ್ಜುವೆಂಟ್ ಎನ್ನುತ್ತಾರೆ. ಸಹಾಯ ಮಾಡು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಮಾತು. ಉರ್ದುವಿಗೆ ಮುಆವಿನ್ ಎಂದು ಬರೆದೆ, ಸರಿಹೋಯಿತು. ಕನ್ನಡಕ್ಕೆ ಸಹಾಯಕ ಎಂದರೆ ತಾಲ್ಲೂಕು ಕಚೇರಿಯ ಗುಮಾಸ್ತರ ನೆನಪಾಗುತ್ತದೆ. ಎರಡು ದಿನ ಒದ್ದಾಡಿದ ಮೇಲೆ ಹೊಳೆದದ್ದು ಒತ್ತಾಸೆ. ತಾನೇ ಹೊಡೆದಾಡುವುದಿಲ್ಲ, ಹೊಡೆದಾಡುವವನ ಬೆನ್ನಿಗೆ ನಿಲ್ಲುತ್ತದೆ. ಈ ಲೇಖನದಲ್ಲೂ ಅದನ್ನೇ ಬಳಸುತ್ತೇನೆ.

ಪಟ್ಟಿಯಲ್ಲಿರುವ ಅಲ್ಯೂಮಿನಿಯಂ ಜೆಲ್ ನಮ್ಮ ಮನೆಗಳಿಗೆ ಹೊಸದಲ್ಲ. ಅದು ಪಟಿಕದ ಖಾಸಾ ನೆಂಟ. ಉರ್ದುವಿನಲ್ಲಿ ಫಿಟ್ಕರಿ. ಅಬ್ಬಾ ಕ್ಷೌರ ಮಾಡಿಕೊಂಡ ಮೇಲೆ ಅದರ ತುಂಡನ್ನು ಒದ್ದೆ ಮಾಡಿ ಕೆನ್ನೆಗೆ ತಿಕ್ಕಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ತುಂಗಭದ್ರೆಯ ನೀರು ಕೆಂಪಗೆ ಬರುವಾಗ ಅಮ್ಮಿ ಅದೇ ತುಂಡನ್ನು ಹಂಡೆಯಲ್ಲಿ ನಾಲ್ಕು ಸುತ್ತು ಆಡಿಸುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಕೆಸರು ತಳದಲ್ಲಿ, ತಿಳಿನೀರು ಮೇಲೆ. 1926ರಲ್ಲಿ ಲಂಡನ್ನಿನ ವೆಲ್‌ಕಮ್ ಪ್ರಯೋಗಾಲಯದ ಅಲೆಕ್ಸಾಂಡರ್ ಗ್ಲೆನ್ನಿ ಮತ್ತು ಸಂಗಡಿಗರು ಮಾಡಿದ್ದು ಹೆಚ್ಚುಕಮ್ಮಿ ಅಮ್ಮಿ ಮಾಡುತ್ತಿದ್ದ ಕೆಲಸವನ್ನೇ. ಗಂಟಲುಮಾರಿ ರೋಗದ ನಿರ್ವಿಷಗೊಳಿಸಿದ ವಿಷಕ್ಕೆ ಪಟಿಕ ಹಾಕಿದರು. ಅದು ಒಡೆದು ತಳದಲ್ಲಿ ಕೂತಿತು. ಹಾಗೆ ಕೂತ ಗಷ್ಟನ್ನು ಚುಚ್ಚಿದಾಗ, ಬರಿಯ ದ್ರವವನ್ನು ಚುಚ್ಚಿದ್ದಕ್ಕಿಂತ ಎಷ್ಟೋ ಹೆಚ್ಚು ಪ್ರತಿಕಾಯಗಳು ಹುಟ್ಟಿದವು.

ಗ್ಲೆನ್ನಿಗಿಂತ ಒಂದು ವರ್ಷ ಮುಂಚೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಪಶುವೈದ್ಯ ಗ್ಯಾಸ್ಟನ್ ರಮೋನ್ ಇನ್ನೂ ತಮಾಷೆಯ ವಿಷಯವೊಂದನ್ನು ಬರೆದಿದ್ದ. ಔಷಧಕ್ಕಾಗಿ ಸಾಕಿದ ಕುದುರೆಗಳಲ್ಲಿ ಸೂಜಿ ಚುಚ್ಚಿದ ಜಾಗ ಬಾತು ಕೀವಾದ ಕುದುರೆಗಳ ರಕ್ತದಲ್ಲೇ ಪ್ರತಿವಿಷ ಜಾಸ್ತಿ. ಹಾಗಾದರೆ ನಾವೇ ಬಾವು ಬರಿಸೋಣ ಎಂದು ಬ್ರೆಡ್ಡಿನ ಪುಡಿ ಬೆರೆಸಿದ, ಪಾಯಸಕ್ಕೆ ಹಾಕುವ ಸಾಬಕ್ಕಿ ಯಾವುದರಿಂದ ಆಗುತ್ತದೋ ಆ ಟಪಿಯೋಕದ ಹಿಟ್ಟನ್ನೂ ಬೆರೆಸಿದ. ಕೆಲಸ ಮಾಡಿತು! ಯಾಕೆ ಮಾಡಿತು ಎಂದು ಅವನಿಗೂ ಗೊತ್ತಿರಲಿಲ್ಲ. ಮದ್ದು ಅಲ್ಲೇ ಗಟ್ಟಿಯಾಗಿ ಕೂತು ನಿಧಾನಕ್ಕೆ ಕರಗುತ್ತದೆ, ಅದಕ್ಕೇ ಎಂದು ಗ್ಲೆನ್ನಿ ಹೇಳಿದ್ದನ್ನು ಎಲ್ಲರೂ ಬಹಳ ಕಾಲ ನಂಬಿದ್ದರು. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇಲಿಗಳಿಗೆ ಪಟಿಕದ ಲಸಿಕೆ ಚುಚ್ಚಿ ಎರಡು ಗಂಟೆಯೊಳಗೆ ಆ ಜಾಗವನ್ನೇ ಕತ್ತರಿಸಿ ತೆಗೆದರೂ ರೋಗನಿರೋಧಕ ಶಕ್ತಿ ಕಡಿಮೆಯಾಗಲಿಲ್ಲ. ಅಂದರೆ ನಿಜವಾದ ಕೆಲಸ ನಡೆಯುವುದು ಸೂಜಿ ಚುಚ್ಚಿದಲ್ಲಿ ಅಲ್ಲ, ಬೇರೆ ಕಡೆ.

ಆ ಬೇರೆ ಕಡೆ ಯಾವುದೆಂದು ನಮ್ಮ ಹಿರಿಯರಿಗೆ ಕೈಯಾಡಿಸಿ ಗೊತ್ತಿತ್ತು. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿನಲ್ಲಿ ಗಂಟು ಏಳುತ್ತದೆ. ಹಲ್ಲು ನೋವಾದರೆ ದವಡೆಯ ಕೆಳಗೆ. ನಾನಿ ಇದಕ್ಕೆ ಗಿಲ್ಟಿ ಎನ್ನುತ್ತಿದ್ದರು, ಆ ಮಾತು ಹೇಳುವಾಗ ದನಿ ತಗ್ಗಿಸುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತಲ್ಲ, ಅಂಥ ಪ್ಲೇಗಿನ ವರ್ಷಗಳಲ್ಲಿ ಕಂಕುಳಲ್ಲಿ ಗಿಲ್ಟಿ ಎದ್ದಿತೆಂದರೆ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ವೈದ್ಯರ ಕನ್ನಡದಲ್ಲಿ ಅದು ದುಗ್ಧಗ್ರಂಥಿ. ಅವರೆಕಾಳಿನ ಗಾತ್ರದ ಇಂಥ ಸುಮಾರು 600 ಗ್ರಂಥಿಗಳು ನಮ್ಮ ಮೈಯಲ್ಲಿವೆ. ಕೊರೊನಾ ಲಸಿಕೆ ಹಾಕಿಸಿಕೊಂಡ ಕೆಲವರ ಕಂಕುಳಲ್ಲಿ ನಾಲ್ಕು ದಿನ ಗಂಟು ಬಂದಿತ್ತು. ಹೆದರಿ ಡಾಕ್ಟರ ಹತ್ತಿರ ಓಡಿದವರಿಗೆ, ಲಸಿಕೆ ಕೆಲಸ ಶುರುಮಾಡಿದೆ ಎಂಬುದಕ್ಕೆ ಅದೇ ಗುರುತು ಎಂದು ತಿಳಿಸಿ ಹೇಳುವುದೇ ಒಂದು ಕೆಲಸವಾಯಿತು.

ಗ್ರಂಥಿಯೊಳಗೆ ನಡೆಯುವುದನ್ನು ಹೇಳಲು ನನಗೆ ಸಿಕ್ಕ ಒಳ್ಳೆಯ ಮಾತು ತಾಲೀಮು. ಉರ್ದುವಿನಲ್ಲಿ ತಾಲೀಮ್ ಎಂದರೆ ವಿದ್ಯೆ. ನಮ್ಮ ದಖನಿ ಸೀಮೆಯಲ್ಲಿ ಕುಸ್ತಿಯ ಗರಡಿಗೂ ತಾಲೀಮ್ ಎಂದೇ ಹೆಸರು. ಕನ್ನಡದಲ್ಲಿ ನಾಟಕದವರ ಅಭ್ಯಾಸಕ್ಕೂ ತಾಲೀಮು ಎನ್ನುತ್ತೇವೆ. ಮೂರೂ ಅರ್ಥ ಇಲ್ಲಿ ಕೂಡಿಬರುತ್ತವೆ. ಚರ್ಮ, ಮಾಂಸಗಳಲ್ಲಿ ಗಸ್ತು ತಿರುಗುವ ಡೆಂಡ್ರಿಟಿಕ್ ಎಂಬ ಕೋಶಗಳಿವೆ. ಕವಲು ಕವಲಾದ ಇವುಗಳನ್ನು 1973ರಲ್ಲಿ ಗುರುತಿಸಿದವರು ನ್ಯೂಯಾರ್ಕಿನ ರಾಲ್ಫ್ ಸ್ಟೈನ್‌ಮನ್. ಹೊರಗಿನ ವಸ್ತು ಸಿಕ್ಕರೆ ಅದರ ಚೂರನ್ನು ಕಚ್ಚಿಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಅಲ್ಲಿನ ಟಿ ಕೋಶಗಳಿಗೆ ತೋರಿಸುತ್ತವೆ. ಟಿ ಕೋಶಗಳ ನೆರವಿನಿಂದ ಬಿ ಕೋಶಗಳು ಅಖಾಡಕ್ಕೆ ಇಳಿಯುತ್ತವೆ. ಒಂದೊಂದು ಸುತ್ತಿಗೂ ತಮ್ಮ ಪಟ್ಟನ್ನು ಚೂರು ಚೂರು ಬದಲಿಸುತ್ತವೆ. ಪಟ್ಟು ಬಿಗಿಯಾದವು ಉಳಿಯುತ್ತವೆ, ಸಡಿಲವಾದವು ಅಲ್ಲೇ ಸಾಯುತ್ತವೆ. ಈ ಕುಸ್ತಿ ವಾರಗಟ್ಟಲೆ ನಡೆಯುತ್ತದೆ. ಕೊನೆಗೆ ಹೊರಬರುವ ಪೈಲ್ವಾನರೇ ಮುಂದೆ ವರ್ಷಗಟ್ಟಲೆ ನಮ್ಮನ್ನು ಕಾಯುವವರು.

ಆದರೆ ಗಸ್ತಿನವನು ಬಹಳ ಎಚ್ಚರದ ಆಸಾಮಿ. ಶುದ್ಧ ಮಾಡಿದ ಒಂದು ಪ್ರೋಟೀನನ್ನು ಮಾತ್ರ ಚುಚ್ಚಿದರೆ, ಯಾರೋ ಊರಿಗೆ ಬಂದ ನೆಂಟ ಇರಬೇಕು ಎಂದು ಸುಮ್ಮನಾಗುತ್ತಾನೆ. ಮೈಯೊಳಗೆ ಬರುವ ಎಲ್ಲದಕ್ಕೂ ಕೂಗೆಬ್ಬಿಸಿದರೆ ನಾವು ಉಂಡ ಅನ್ನವೂ ದಕ್ಕುವುದಿಲ್ಲವಲ್ಲ. ಇದು ಅಪಾಯ ಎಂದು ಅವನಿಗೆ ಹೇಳುವ ಸೂಚನೆಯೊಂದು ಬೇಕು. ಆ ಸೂಚನೆಯೇ ಒತ್ತಾಸೆ. ರೋಗನಿರೋಧಕ ವಿಜ್ಞಾನಿಗಳೆಲ್ಲ ಪ್ರಯೋಗ ಫಲಿಸಲೆಂದು ಇಂಥದ್ದನ್ನು ಬೆರೆಸುತ್ತಾರೆ, ಆದರೆ ಯಾಕೆಂದು ಹೇಳುವುದಿಲ್ಲ, ಇದು ನಮ್ಮ ಕೊಳಕು ಗುಟ್ಟು ಎಂದು 1989ರಲ್ಲಿ ಬಾಯಿಬಿಟ್ಟವರು ಅಮೆರಿಕದ ಚಾರ್ಲ್ಸ್ ಜೇನ್‌ವೇ. ರೋಗಾಣುಗಳ ಸಾಮಾನ್ಯ ಚಹರೆಯನ್ನು ಗುರುತಿಸುವ ಬೀಗಗಳು ಗಸ್ತಿನ ಕೋಶಗಳ ಮೇಲೆ ಇರಲೇಬೇಕು ಎಂದೂ ಅವರು ಊಹಿಸಿದ್ದರು. ಮುಂದಿನ ಹತ್ತು ವರ್ಷಗಳಲ್ಲಿ ಆ ಬೀಗಗಳು ಸಿಕ್ಕವು. ಟೋಲ್ ಮಾದರಿಯ ಗ್ರಾಹಕಗಳು ಎಂದು ಅವುಗಳ ಹೆಸರು, ಒಂದೊಂದಕ್ಕೂ ನಂಬರು ಇದೆ. 2011ರ ನೊಬೆಲ್ ಪ್ರಶಸ್ತಿ ಈ ಶೋಧಕ್ಕೂ ಸ್ಟೈನ್‌ಮನ್ನರಿಗೂ ಸೇರಿ ಬಂತು. ಘೋಷಣೆಗೆ ಮೂರು ದಿನ ಮೊದಲು ಸ್ಟೈನ್‌ಮನ್ ತೀರಿಕೊಂಡಿದ್ದರು, ಪ್ರಶಸ್ತಿ ಸಮಿತಿಗೆ ಅದು ಗೊತ್ತಿರಲಿಲ್ಲ.

ಬೀಗ ಸಿಕ್ಕ ಮೇಲೆ ಕೀಲಿಕೈ ಮಾಡುವುದು ಉಳಿಯಿತು. ಬ್ರೆಡ್ಡಿನ ಪುಡಿಯ ಕಾಲ ಮುಗಿಯಿತು. ಇಮಿಡಜೋಕ್ವಿನೊಲಿನ್ ವಂಶದ ರಾಸಾಯನಿಕಗಳು 7 ಮತ್ತು 8ನೇ ನಂಬರಿನ ಬೀಗಗಳನ್ನು ತೆರೆಯುತ್ತವೆ. ಅದೇ ವಂಶದ ಒಂದು ಮುಲಾಮು ಮೊದಲಿಂದಲೂ ಚರ್ಮದ ನರುಳ್ಳೆಗೆ ಬಳಕೆಯಲ್ಲಿದೆ. ತೊಂದರೆಯೆಂದರೆ ಇವು ತೀರ ಸಣ್ಣ ಅಣುಗಳು. ಚುಚ್ಚಿದ ಕೂಡಲೆ ರಕ್ತದಲ್ಲಿ ಹರಡಿ ಮೈಯೆಲ್ಲ ಅಲಾರಂ ಬಾರಿಸುತ್ತವೆ. ಜ್ವರ, ಮೈಕೈ ನೋವು. ಗರಡಿಯಲ್ಲಿ ಬಾರಿಸಬೇಕಾದ ನಗಾರಿಯನ್ನು ಊರೆಲ್ಲ ಬಾರಿಸಿದ ಹಾಗೆ. ಹೀಗಾಗಿ ಈಗಿನ ಒತ್ತಾಸೆಯ ಇಡೀ ಜಾಣ್ಮೆ ಇರುವುದು, ಅದು ದುಗ್ಧಗ್ರಂಥಿಗೇ ಹೋಗಿ ಅಲ್ಲಿ ಮಾತ್ರ ಮಾತಾಡುವಂತೆ ಮಾಡುವುದರಲ್ಲಿ.

ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ವೈರೊವ್ಯಾಕ್ಸ್ ಎಂಬ ಕಂಪನಿ ಕಟ್ಟಿದ ಸುನಿಲ್ ಡೇವಿಡ್ ಇದಕ್ಕೊಂದು ದಾರಿ ಕಂಡುಕೊಂಡರು. ಆ ಸಣ್ಣ ಅಣುವನ್ನು ಪಟಿಕದ ಜೆಲ್ಲಿಗೆ ಅಂಟುವಂತೆ ರೂಪಿಸಿದರು. ಜೆಲ್ಲಿನ ಹೆಗಲೇರಿ ಅದು ಗ್ರಂಥಿಗೆ ಹೋಗುತ್ತದೆ, ಅಲ್ಲಿ ಜೆಲ್ಲಿನಿಂದ ಬಿಡಿಸಿಕೊಂಡು ಎರಡೂ ಬೀಗಗಳನ್ನು ತೆರೆಯುತ್ತದೆ. 2019ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದರ ಜೊತೆ ಭಾರತಕ್ಕೆ ಬಂದಾಗ ಹೈದರಾಬಾದಿನ ಭಾರತ್ ಬಯೋಟೆಕ್ ಜೊತೆ ಅವರ ಸಂಬಂಧ ಬೆಳೆಯಿತು. ಮರುವರ್ಷವೇ ಕೊರೊನಾ. ಬರೀ ಪಟಿಕ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ, ಆದರೆ ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಎದುರಿಸಲು ನೆರವಾಗುವ ಟಿ ಕೋಶಗಳನ್ನು ಅಷ್ಟಾಗಿ ಎಬ್ಬಿಸುವುದಿಲ್ಲ. ಮೊದಲ ಹಂತದ ಪರೀಕ್ಷೆಯಲ್ಲಿ ಪಟಿಕ ಮಾತ್ರ ಇರುವುದನ್ನೂ ಈ ಜೋಡಿ ಒತ್ತಾಸೆ ಇರುವುದನ್ನೂ ಹೋಲಿಸಿ ನೋಡಿ ಜೋಡಿಯನ್ನೇ ಆರಿಸಿಕೊಂಡರು. ಚೀಟಿಯಲ್ಲಿದ್ದ 250 ಮತ್ತು 15 ಮೈಕ್ರೊಗ್ರಾಂಗಳ ಒಗಟು ಇದು. ಆ ಎರಡು ಬೀಗ ತೆರೆಯುವ ಒತ್ತಾಸೆ ಸೋಂಕುರೋಗದ ಅಧಿಕೃತ ಲಸಿಕೆಯೊಂದರಲ್ಲಿ ಬಳಕೆಯಾದದ್ದು ಜಗತ್ತಿನಲ್ಲೇ ಅದು ಮೊದಲು. ಅದು ನಮ್ಮ ಉರ್ದು ಶಾಲೆಯ ಮುರುಕು ಬೆಂಚಿನ ಮೇಲೆ ಕೂತವರ ತೋಳಿಗೆ ಇಳಿಯಿತು. ಹೇಳಿಕೊಳ್ಳಬೇಕಾದ ಹೆಮ್ಮೆಯನ್ನೂ ಸರ್ಕಾರ ಗುಟ್ಟಿನ ಹಾಗೆ ಇಟ್ಟಿತಲ್ಲ ಎಂಬುದು ನನ್ನ ದೂರು. 2021ರ ಜನವರಿ 3ರಂದು, ಮೂರನೇ ಹಂತದ ಫಲಿತಾಂಶ ಬರುವ ಮುಂಚೆಯೇ, ಕೊವ್ಯಾಕ್ಸಿನ್‌ಗೆ ತುರ್ತು ಅನುಮತಿ ಕೊಟ್ಟರು. ಶೇ. 77.8 ರಕ್ಷಣೆ ಎಂಬ ವಿವರ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದದ್ದು ನವೆಂಬರಿನಲ್ಲಿ. ನಡುವಿನ ಹತ್ತು ತಿಂಗಳು ಗಾಳಿಮಾತಿಗೆ ಬಿಟ್ಟ ಹೊಲ.

ಕರಪತ್ರ ಬರೆದ ಮೇಲೆ ನಮ್ಮ ಬೀದಿಯ ಹಿರಿಯ ಖಾಲಾ ಒಬ್ಬರಿಗೆ ಓದಿ ಹೇಳಿದೆ. ಅವರು ಬೀಡಿ ಎಲೆ ಕತ್ತರಿಸುತ್ತಲೇ ಕೇಳಿಸಿಕೊಂಡರು. ಫಿಟ್ಕರಿ ಎಂದಾಗ ಕತ್ತರಿ ನಿಂತಿತು.

"ಫಿಟ್ಕರಿ? ನಮ್ಮ ಮನೆ ಫಿಟ್ಕರಿನಾ?"

"ಅದರ ವಂಶದ್ದೇ ಖಾಲಾ, ಶುದ್ಧ ಮಾಡಿರೋದು."

"ಮತ್ತೆ ಇಷ್ಟು ದಿನ ಯಾಕೆ ಯಾರೂ ಹೇಳಲಿಲ್ಲ ಬೇಟಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಮರುವಾರ ಸೊಸೆಯನ್ನೂ ಕರೆದುಕೊಂಡು ಹೋಗಿ ಹಾಕಿಸಿಕೊಂಡರು. ಅವರ ಪಕ್ಕದ ಮನೆಯವರು ಕರಪತ್ರವನ್ನು ಪೂರ್ತಿ ಓದಿ, ಮಡಚಿ ಇಟ್ಟುಕೊಂಡು, ಹಾಕಿಸಿಕೊಳ್ಳಲಿಲ್ಲ.

ಆಮೇಲೆ ನನಗೆ ಇದೊಂದು ಗೀಳಾಯಿತು. ಕ್ಯಾನ್ಸರಿನ ಶಸ್ತ್ರವೈದ್ಯರು ಸ್ತನದ ಗಡ್ಡೆಯ ಬಳಿ ಒಂದು ಬಣ್ಣ ಚುಚ್ಚುತ್ತಾರೆ. ಅದು ದುಗ್ಧರಸದ ಅಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಕಂಕುಳಿನ ಮೊದಲ ಗ್ರಂಥಿಗೆ ಹೋಗುತ್ತದೆ, ಕ್ಯಾನ್ಸರ್ ಅಲ್ಲಿಗೆ ಹಬ್ಬಿದೆಯೇ ಎಂದು ನೋಡಲು ದಾರಿ ತೋರಿಸುತ್ತದೆ. ಅಮೆರಿಕದ ಎಂಐಟಿಯ ಡ್ಯಾರೆಲ್ ಇರ್ವಿನ್ ಮತ್ತು ಸಂಗಡಿಗರು ಇದನ್ನು ನೋಡಿ, ಒತ್ತಾಸೆಗೂ ಕೊಬ್ಬಿನ ಬಾಲವೊಂದನ್ನು ಜೋಡಿಸಿ ಅದೇ ಅಲ್ಬುಮಿನ್ನಿನ ಗಾಡಿ ಹತ್ತಿಸಿದರು. 2014ರಲ್ಲಿ ಇಲಿಗಳಲ್ಲಿ ಅದು ಸೀದಾ ಗ್ರಂಥಿಗೆ ಹೋಗಿ ಇಳಿಯಿತು, ಟಿ ಕೋಶಗಳು ಎಷ್ಟೋ ಪಟ್ಟು ಎದ್ದವು, ಮೈಯೆಲ್ಲ ಹರಡುವ ವಿಷ ಪರಿಣಾಮವೂ ತಗ್ಗಿತು. ಒಬ್ಬರು ರೋಗ ಹುಡುಕಲು ಬಳಸಿದ ದಾರಿಯಲ್ಲೇ ಇನ್ನೊಬ್ಬರು ಮದ್ದು ಕಳಿಸಿದರು. ಇಟಲಿಯಲ್ಲಿ 1997ರಿಂದ ಮುದುಕರ ಫ್ಲೂ ಲಸಿಕೆಗೆ ಶಾರ್ಕ್ ಮೀನಿನ ಪಿತ್ತಜನಕಾಂಗದ ಎಣ್ಣೆಯ ಒತ್ತಾಸೆ ಕೊಟ್ಟರು. ಮೌಲಾನಾ ಒಬ್ಬರಿಗೆ ಇದನ್ನು ಹೇಳಿದೆ. "ಮೀನು ತಾನೇ, ಎಷ್ಟು ದೊಡ್ಡದಾದರೇನು" ಎಂದು ನಕ್ಕರು.

ಎಲ್ಲ ಒತ್ತಾಸೆಯೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. 2009ರ ಹಂದಿಜ್ವರದ ಸಮಯದಲ್ಲಿ ಯುರೋಪಿನಲ್ಲಿ ಕೊಟ್ಟ ಒಂದು ಲಸಿಕೆಯಿಂದ ಫಿನ್ಲೆಂಡ್, ಸ್ವೀಡನ್‌ಗಳ ಕೆಲವು ಮಕ್ಕಳಿಗೆ ಹಗಲಲ್ಲೇ ನಿದ್ದೆಗೆ ಬೀಳುವ ನಾರ್ಕೊಲೆಪ್ಸಿ ರೋಗ ಬಂತು. ಮೊದಲ ಗುಮಾನಿ ಬಿದ್ದದ್ದು ಒತ್ತಾಸೆಯ ಮೇಲೆಯೇ. ಅದೇ ಒತ್ತಾಸೆ ಇದ್ದ ಇನ್ನೊಂದು ಲಸಿಕೆಯಿಂದ ಕೆನಡಾದಲ್ಲಿ ಅಷ್ಟು ಅಪಾಯ ಕಾಣದಿದ್ದಾಗ ತನಿಖೆ ವೈರಸ್ಸಿನ ಪ್ರೋಟೀನಿನ ಕಡೆಗೆ ತಿರುಗಿತು. ಕೇಳಿದ್ದರಿಂದಲೇ ಇದೆಲ್ಲ ಹೊರಬಂದದ್ದು. ಇನ್ನೂ ಹಿಂದೆ, 1930ರ ದಶಕದಲ್ಲಿ, ಜೂಲ್ಸ್ ಫ್ರಾಯಿಂಡ್ ಖನಿಜ ಎಣ್ಣೆಯಲ್ಲಿ ಸತ್ತ ಕ್ಷಯದ ರೋಗಾಣುಗಳನ್ನು ಕಲೆಸಿ ಮಾಡಿದ ಒತ್ತಾಸೆಯಷ್ಟು ಗಡುಸಾದದ್ದು ಬೇರೆ ಇರಲಿಲ್ಲ. ಮೈಯಲ್ಲಿ ಹುಣ್ಣು ಎಬ್ಬಿಸುತ್ತದೆಂದು ಅದನ್ನು ಪ್ರಯೋಗಾಲಯದ ಪ್ರಾಣಿಗಳಿಗೆ ಬಿಟ್ಟು ಮನುಷ್ಯರಿಗೆ ಕೊಡುವಂತಿಲ್ಲ.

ಕ್ಷಯದ ಮಾತು ಬಂತು. ಬೀಡಿ ಓಣಿಯಲ್ಲಿ ಆ ಮಾತು ಬೇಗ ಮುಗಿಯುವುದಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಪಾಲು ನಮ್ಮ ದೇಶದವರು. ಕ್ಷಯ ಶ್ವಾಸಕೋಶಕ್ಕೆ ಮಾತ್ರವಲ್ಲ, ದುಗ್ಧಗ್ರಂಥಿಗೂ ಹತ್ತುತ್ತದೆ. ಕುತ್ತಿಗೆಯ ಸುತ್ತ ಮಣಿ ಪೋಣಿಸಿದಂತೆ ಗಂಟು ಏಳುವ ಗಂಡಮಾಲೆ ಅದೇ. ಮದುವೆಗೆ ಬಂದ ಹುಡುಗಿಯರು ದುಪಟ್ಟಾದಲ್ಲಿ ಅದನ್ನು ಮುಚ್ಚಿಕೊಂಡು ಓಡಾಡುವುದನ್ನು ನಾನು ನೋಡಿದ್ದೇನೆ. ನೂರು ವರ್ಷ ಹಳೆಯ ಬಿಸಿಜಿ ಲಸಿಕೆ ಮಕ್ಕಳನ್ನು ಕಾಯುತ್ತದೆ, ದೊಡ್ಡವರನ್ನು ಅಷ್ಟಾಗಿ ಕಾಯುವುದಿಲ್ಲ. ಈಗ ಆಸೆ ಹುಟ್ಟಿಸಿರುವುದು ಎಂ72 ಎಂಬ ಹೊಸ ಲಸಿಕೆ. ಸೋಂಕು ಒಳಗೆ ಮಲಗಿರುವ ವಯಸ್ಕರಲ್ಲಿ ಅದು ಮೂರು ವರ್ಷಗಳ ಕಾಲ ಸುಮಾರು ಅರ್ಧದಷ್ಟು ಕ್ಷಯವನ್ನು ತಡೆಯಿತು ಎಂದು 2019ರಲ್ಲಿ ಪ್ರಕಟವಾಯಿತು. ಸುಮಾರು 20,000 ಜನರ ಮೇಲಿನ ಕೊನೆಯ ಹಂತದ ಪರೀಕ್ಷೆ 2024ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶುರುವಾಗಿ ಕೀನ್ಯಾ, ಮಲಾವಿ, ಜಾಂಬಿಯಾ, ಇಂಡೊನೇಷ್ಯಾಗಳಿಗೂ ಹೋಯಿತು.

ಅದರಲ್ಲಿ ಏನು ಬೆರೆಸಿದ್ದಾರೆ? ಎಎಸ್01 ಎಂಬ ಒತ್ತಾಸೆ. ಅದರ ಜೀವಾಳ ಕ್ಯೂಎಸ್-21. ದಕ್ಷಿಣ ಅಮೆರಿಕದ ಚಿಲಿ ದೇಶದ ಒಂದು ಮರದ ತೊಗಟೆಯಿಂದ ತೆಗೆಯುತ್ತಾರೆ. ನಮ್ಮ ಅಂಟುವಾಳದ ಹಾಗೆ ನೀರಲ್ಲಿ ಉಜ್ಜಿದರೆ ನೊರೆ ಬರುವ ತೊಗಟೆ, ಅಲ್ಲಿನ ಮೂಲನಿವಾಸಿಗಳ ಸೋಪು. ಇಲಿಗಳಲ್ಲಿ ನೋಡಿದರೆ ಚುಚ್ಚಿದ ಕೆಲವೇ ಗಂಟೆಗಳಲ್ಲಿ ಅದು ಗ್ರಂಥಿಯ ಬಾಗಿಲು ತಟ್ಟುತ್ತದೆ. ಸರ್ಪಸುತ್ತಿನ ಲಸಿಕೆಯಲ್ಲಿ ಇದೇ ಒತ್ತಾಸೆ ಇರುವುದರಿಂದಲೇ ಐವತ್ತು ದಾಟಿದವರಲ್ಲೂ ಶೇ. 90ಕ್ಕಿಂತ ಹೆಚ್ಚು ರಕ್ಷಣೆ ಸಿಕ್ಕಿತು. ತೋಳು ಎರಡು ದಿನ ಸಿಡಿಯುತ್ತದೆ ಎಂಬ ದೂರೂ ಅದರ ಜೊತೆಗೇ ಬಂತು.

ಈ ಒತ್ತಾಸೆ ಇರುವುದು ಜಿಎಸ್‌ಕೆ ಎಂಬ ಒಂದು ಬ್ರಿಟಿಷ್ ಕಂಪನಿಯ ಕೈಯಲ್ಲಿ. 2021ರಲ್ಲಿ ಅದು ತನ್ನ ಮಲೇರಿಯಾ ಲಸಿಕೆಯ ಪ್ರೋಟೀನ್ ತಯಾರಿಸುವ ವಿದ್ಯೆಯನ್ನು ಭಾರತ್ ಬಯೋಟೆಕ್‌ಗೆ ಕೊಡಲು ಒಪ್ಪಿತು, ಒತ್ತಾಸೆಯನ್ನು ಮಾತ್ರ ತಾನೇ ತಯಾರಿಸಿ ಕಳಿಸುವುದಾಗಿ ಇಟ್ಟುಕೊಂಡಿತು. ಅಡಿಗೆ ನೀವು ಮಾಡಿ, ಮಸಾಲೆ ನಾನೇ ಕೊಡುತ್ತೇನೆ ಎಂದ ಹಾಗೆ. ಕ್ಷಯದ ಲಸಿಕೆ ಗೆದ್ದರೆ ಕೋಟಿಗಟ್ಟಲೆ ಡೋಸು ಬೇಕು. ಅಷ್ಟು ಒತ್ತಾಸೆಗೆ ಚಿಲಿಯ ಕಾಡಿನಲ್ಲಿ ಎಷ್ಟು ಮರ ಕಡಿಯಬೇಕು, ಯಾರ ಸರದಿ ಮೊದಲು ಎಂಬ ಲೆಕ್ಕ ಶುರುವಾಗುತ್ತದೆ. ಆ ಸರದಿಯಲ್ಲಿ ಬೀಡಿ ಓಣಿ ಎಲ್ಲಿರುತ್ತದೆಂದು ಊಹಿಸುವುದು ಕಷ್ಟವಲ್ಲ.

2024ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು, ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಅದೇ ಯೀಸ್ಟಿನೊಳಕ್ಕೆ ಬೇರೆ ಬೇರೆ ಜೀವಿಗಳ ಮೂವತ್ತಕ್ಕೂ ಹೆಚ್ಚು ಜೀನುಗಳನ್ನು ಕೂಡಿಸಿ, ಮರದ ಹಂಗಿಲ್ಲದೆ ಕ್ಯೂಎಸ್-21 ತಯಾರಿಸಿ ತೋರಿಸಿದರು. ಬಂದದ್ದು ತೀರ ಅತ್ಯಲ್ಪ, ಲಸಿಕೆಗೆ ಸಾಲುವಷ್ಟಲ್ಲ. ಅದು ಪೀಪಾಯಿಗಟ್ಟಲೆ ಹುದುಗುವ ದಿನ ಬಂದರೆ ಹೈದರಾಬಾದಿನಲ್ಲೋ ಪುಣೆಯಲ್ಲೋ ನಾವೇ ಹುದುಗಿಸಿಕೊಳ್ಳಬಹುದು.